‘ಇರುವ ಸ್ಥಿತಿಯಲ್ಲಿಯೇ’ ಎಂಬ ಸಾಲು ಎಲ್ಲಿಯವರೆಗೆ ಕಾಯುತ್ತದೆ?

ಮನೆ ಮಾರಿದ ಮೇಲೆ ಖರೀದಿದಾರರ ವಕೀಲರಿಂದ ನೋಟಿಸು ಬಂದಾಗ, ಕಕ್ಷಿದಾರರು ಕ್ರಯಪತ್ರವನ್ನು ನನ್ನ ಮುಂದೆ ಬಿಡಿಸಿಟ್ಟು ಒಂದೇ ಸಾಲಿನ ಮೇಲೆ ಬೆರಳಿಡುತ್ತಾರೆ: ‘ಸ್ವತ್ತನ್ನು ಇರುವ ಸ್ಥಿತಿಯಲ್ಲಿಯೇ ನೋಡಿ, ಒಪ್ಪಿ ಖರೀದಿಸಲಾಗಿದೆ.’ ಎದ್ದು ಕಾಣುವ ಬಿರುಕು, ಸವೆದ ನೆಲ ಇಂಥವುಗಳ ಬಗ್ಗೆ ಆಮೇಲೆ ತಗಾದೆ ಬಂದರೆ ಆ ಸಾಲು ನೆರವಿಗೆ ಬರುತ್ತದೆ. ಗೊತ್ತಿದ್ದೂ ಮುಚ್ಚಿಟ್ಟ ದೋಷಕ್ಕೆ ಮಾತ್ರ ಅದನ್ನು ನಂಬಿ ಕೂರಬೇಡಿ ಎಂದರೆ ಯಾರೂ ಒಪ್ಪುವುದಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 55(1)(ಎ) ಮಾರುವವರ ಮೇಲೆ ಹೊರಿಸಿರುವ ಕರ್ತವ್ಯ ಇಷ್ಟೇ: ತಮಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಪತ್ತೆಯಾಗದ ಮುಖ್ಯ ದೋಷವನ್ನು ತಿಳಿಸಬೇಕು, ತಿಳಿಸದಿದ್ದರೆ ಅದು ವಂಚನೆ. ಈ ಮೂರೂ ಒಟ್ಟಿಗೆ ಇರಬೇಕು. ಆದ್ದರಿಂದ ನಿಮಗೇ ತಿಳಿಯದ ಅಡಿಪಾಯದ ದೋಷಕ್ಕೆ ಈ ಕಲಮಿನಡಿ ನಿಮ್ಮನ್ನು ಸಾಮಾನ್ಯವಾಗಿ ಹೊಣೆ ಮಾಡಲಾಗದು.

ತೊಂದರೆ ಶುರುವಾಗುವುದು ಬಣ್ಣದ ಡಬ್ಬದಿಂದ. ನಿವೃತ್ತ ಶಿಕ್ಷಕರೊಬ್ಬರು ಪ್ರತಿ ಮಳೆಗಾಲದಲ್ಲೂ ನೀರು ಜಿನುಗುತ್ತಿದ್ದ ಗೋಡೆಗೆ, ಮನೆ ತೋರಿಸುವ ಮುನ್ನ ಪುಟ್ಟಿ ಹಚ್ಚಿಸಿ ಬಣ್ಣ ಬಳಿಸಿದ್ದರು. ‘ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಇದರಲ್ಲಿ ಸುಳ್ಳೆಲ್ಲಿ ಬಂತು ಸರ್?’ ಎಂದು ಆ ಸಜ್ಜನರು ನಿಜವಾದ ನೋವಿನಿಂದಲೇ ಕೇಳಿದರು. ಬರೀ ಸುಮ್ಮನಿದ್ದಿದ್ದರೆ ವಾದಕ್ಕೆ ಒಂದಿಷ್ಟು ಜಾಗವಿರುತ್ತಿತ್ತು, ಏಕೆಂದರೆ 1872ರ ಭಾರತೀಯ ಕರಾರು ಕಾಯ್ದೆಯ ಕಲಂ 19ರ ವಿನಾಯಿತಿಯ ಪ್ರಕಾರ, ಮೌನದ ವಂಚನೆಯೇ ಆಗಿದ್ದರೂ, ಸಾಧಾರಣ ಜಾಗರೂಕತೆಯಿಂದ ಸತ್ಯ ತಿಳಿಯಬಹುದಾಗಿದ್ದ ಖರೀದಿದಾರ ಕರಾರನ್ನು ರದ್ದುಪಡಿಸಲಾಗದು. ಆದರೆ ಕೈಯಾರೆ ಮರೆಮಾಚುವುದು ಕಲಂ 17ರಲ್ಲಿ ಬೇರೆಯೇ ಬಗೆಯ ವಂಚನೆ. ಆ ವಿನಾಯಿತಿಯ ಮಾತುಗಳು ಅದನ್ನು ಒಳಗೊಳ್ಳುವುದಿಲ್ಲ. ಮೇಲಾಗಿ, ಕಣ್ಣಿಗೆ ಕಾಣುತ್ತಿದ್ದ ಕಲೆಯನ್ನು ಕಾಣದಂತೆ ಮಾಡಿದ್ದೂ ಅದೇ ಬಣ್ಣ, ದೋಷ ನಿಮಗೆ ಗೊತ್ತಿತ್ತೆಂದು ಸಾಕ್ಷಿ ಹೇಳುವುದೂ ಅದೇ ಬಣ್ಣ. ಅವರಂತೂ ದುರಸ್ತಿಯ ರಸೀದಿಯನ್ನು ದಿನಾಂಕಸಮೇತ ಜೋಪಾನವಾಗಿ ಇಟ್ಟುಕೊಂಡಿದ್ದರು.

ನೋಂದಣಿಯಾಯಿತು, ಇನ್ನು ಮುಗಿಯಿತು ಎನ್ನುವವರಿಗೂ ಒಂದು ಮಾತು: ಪತ್ರದ ರದ್ದತಿಗೆ ದಾವೆ ಹೂಡಲು ಇರುವ 3 ವರ್ಷದ ಅವಧಿ, 1963ರ ಕಾಲಮಿತಿ ಕಾಯ್ದೆಯ 59ನೇ ಅನುಚ್ಛೇದದಂತೆ, ರದ್ದತಿಗೆ ಕಾರಣವಾದ ಸಂಗತಿಗಳು ಖರೀದಿದಾರರಿಗೆ ಮೊದಲು ತಿಳಿದಂದಿನಿಂದ ಎಣಿಕೆಯಾಗುತ್ತದೆ. ಹಾಗೆಂದು ಪ್ರತಿ ಒದ್ದೆ ಗೋಡೆಗೂ ಕ್ರಯಪತ್ರ ರದ್ದಾಗುತ್ತದೆ ಎಂದಲ್ಲ. ದೋಷ ‘ಮುಖ್ಯ’ವೇ, ಪರಿಹಾರಧನವಷ್ಟೇ ಸಾಕೇ ಎಂಬುದು ಆಯಾ ಪ್ರಕರಣದ ಸಾಕ್ಷ್ಯಕ್ಕೆ ಬಿಟ್ಟದ್ದು. ಖರೀದಿದಾರರು ನನ್ನ ಬಳಿ ಉಲ್ಲೇಖಿಸುವ ರೇರಾದ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ) 5 ವರ್ಷದ ಹೊಣೆ ಪ್ರವರ್ತಕರದ್ದು, ಅಂದರೆ ಯೋಜನೆ ಕಟ್ಟಿ ಮಾರುವ ಬಿಲ್ಡರ್‌ಗಳಂಥವರದ್ದು, ವಾಸದ ಮನೆ ಮಾರಿದ ಸಾಮಾನ್ಯ ವ್ಯಕ್ತಿಯದ್ದಲ್ಲ.

ನಾನು ಕೇಳುವುದು ಕ್ರಯದ ಕರಾರಿನಲ್ಲಿ ಇನ್ನೊಂದೇ ಸಾಲು: ಯಾವ ಗೋಡೆ ಸೋರುತ್ತದೆ, ಯಾವಾಗ ದುರಸ್ತಿಯಾಯಿತು ಎಂದು ಬರೆದು ಖರೀದಿದಾರರ ಸಹಿ ಪಡೆಯಿರಿ. ಆಗ ‘ನನಗೆ ತಿಳಿದಿರಲಿಲ್ಲ’ ಎಂದು ಹೇಳಲು ಅವರಿಗೆ ಅವಕಾಶವಿರುವುದಿಲ್ಲ. ಬೆಲೆ ಸ್ವಲ್ಪ ಇಳಿಯಬಹುದು, ಅದನ್ನು ಅಲ್ಲಗಳೆಯುವುದಿಲ್ಲ.