ಶೈಲಿ ಕಟ್ಟುವುದು ವಾಕ್ಯದ ಕೊನೆಯಿಂದ: ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಟಿಪ್ಪಣಿ

ಶೈಲಿ ಅಂದರೆ ಅಲಂಕಾರ ಎಂದುಕೊಂಡು ವರದಿಗೆ ಉಪಮೆ ತುರುಕುವವರೇ ಹೆಚ್ಚು. ಮೊದಲು ನೋಡಬೇಕಾದ್ದು ವಾಕ್ಯದ ಕೊನೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೂರುವುದು ಅಲ್ಲಿ. ಬರಹ ಸಪ್ಪೆಯಾಗುವುದೂ ಅಲ್ಲೇ.

ಅಭ್ಯಾಸಕ್ಕೆಂದು ದಾವಣಗೆರೆ ಎಪಿಎಂಸಿಯಲ್ಲಿ ಒಂದು ಪ್ರತಿಭಟನೆ ನಡೆಯಿತು ಎಂದಿಟ್ಟುಕೊಳ್ಳಿ. ಪ್ರೆಸ್ ನೋಟ್ ಧಾಟಿ ಹೀಗಿರುತ್ತದೆ:

"ಮೆಕ್ಕೆಜೋಳದ ದರ ಕುಸಿತದ ಹಿನ್ನೆಲೆಯಲ್ಲಿ ರೈತರ ವತಿಯಿಂದ ಎಪಿಎಂಸಿ ಆವರಣದಲ್ಲಿ ಪ್ರತಿಭಟನೆ ನಡೆಸುವ ಮೂಲಕ ಆಕ್ರೋಶ ವ್ಯಕ್ತಪಡಿಸಲಾಯಿತು."

ತಿದ್ದಿದ ಮೇಲೆ:

"ಮೆಕ್ಕೆಜೋಳದ ದರ ಕುಸಿದಿದ್ದಕ್ಕೆ ರೈತರು ಎಪಿಎಂಸಿ ಆವರಣದಲ್ಲಿ ಪ್ರತಿಭಟಿಸಿದರು."

13 ಪದ 7ಕ್ಕೆ ಇಳಿಯಿತು. 'ಹಿನ್ನೆಲೆಯಲ್ಲಿ', 'ವತಿಯಿಂದ', 'ಮೂಲಕ' ಹೋದವು. ರೈತರು ಕರ್ತೃವಾಗಿ ನಿಂತರು. ಉಳಿದ ಜಾಗಕ್ಕೆ ವಿಶೇಷಣ ಬೇಡ, ವಿವರ ಬರಲಿ. ಬೆಂಬಲ ಬೆಲೆ ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶ ಶೇ 14 ಮೀರುವಂತಿಲ್ಲ. ಅಂದಮೇಲೆ ಕೇಳಬೇಕಾದ್ದು: ತೇವಾಂಶ ಅಳೆದವರು ಯಾರು, ಎಷ್ಟು ಬಂತು, ಒಣಗಿಸಲು ಕಣ ಇತ್ತೇ, ಮಳೆ ಬಂದರೆ ರಾಶಿಗೆ ತಾಡಪಾಲು ಸಿಕ್ಕಿತೇ? ನಿಮ್ಮದೇ ದನಿ ಎನ್ನುವುದು ಬಹುಪಾಲು ಇಂಥ ಪ್ರಶ್ನೆಗಳ ಆಯ್ಕೆಯಲ್ಲಿ ಇರುತ್ತದೆ.

ಕ್ರಿಯಾಪದದ ಕೊನೆಗೆ ಬರುವ 'ಲಾಗಿದೆ', 'ಲಾಯಿತು' ಪೂರ್ತಿ ನಿಷಿದ್ಧವಲ್ಲ. ಮಾಡಿದವರು ಗೊತ್ತಿಲ್ಲದಾಗ ಅದು ಸರಿ. ಆದರೆ 'ರಸ್ತೆ ಅಗೆದು ಹಾಗೇ ಬಿಡಲಾಗಿದೆ' ಎಂದು ಬರೆದರೆ ಅಗೆದ ಇಲಾಖೆ ಪಾರಾಗುತ್ತದೆ. ಕರಡು ಮುಗಿದ ಮೇಲೆ ಈ ರೂಪಗಳಿಗೆಲ್ಲ ಕೆಂಪು ಗೆರೆ ಎಳೆದು, ಒಂದೊಂದಕ್ಕೂ 'ಯಾರು?' ಎಂದು ಕೇಳಿ. ಉತ್ತರ ಗೊತ್ತಿದ್ದರೆ ವಾಕ್ಯ ತಿದ್ದಿ, ಗೊತ್ತಿಲ್ಲದಿದ್ದರೆ ಫೋನ್ ಮಾಡಿ.

ಆಡುಮಾತಿನ ವಿಷಯದಲ್ಲಿ ಎಚ್ಚರ ಬೇಕು. ರೈತ "ಹಸಿ ಐತಿ ಅಂತ ರೇಟ್ ಇಳಿಸ್ತಾರೆ" ಅಂದರೆ ಅದನ್ನೇ ಉದ್ಧರಿಸಬಹುದು. 'ಎಂದು ಅಳಲು ತೋಡಿಕೊಂಡರು' ಎಂಬ ಬಾಲ ಬೇಡ, 'ಎಂದರು' ಸಾಕು. ಆದರೆ ರೈತರ ಮಾತು ಮಾತ್ರ ಆಡುಭಾಷೆಯಲ್ಲಿಟ್ಟು ಅಧಿಕಾರಿಯದನ್ನು ಗ್ರಂಥಸ್ಥ ಕನ್ನಡಕ್ಕೆ ಏರಿಸಿದರೆ ಗೇಲಿ ಮಾಡಿದ ಹಾಗಾಗುತ್ತದೆ. ಅಧಿಕಾರಿಯೂ ಮೈಕಿನ ಆಚೆ 'ಐತಿ' ಅಂದಿರುತ್ತಾರೆ! ಇಬ್ಬರಿಗೂ ಒಂದೇ ನಿಯಮ ಇರಲಿ.

ಇನ್ನು ಉದ್ದ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ 'ಹೋಗಿ, ಸೇರಿ, ಕೂಗಿ, ಸಲ್ಲಿಸಿ' ಎಂದು ಮೂರು ನಾಲ್ಕು ಪೋಣಿಸಿದರೆ ಕರ್ತೃ ಯಾರೆಂಬುದೇ ಮರೆಯುತ್ತದೆ. ಗಟ್ಟಿಯಾಗಿ ಓದಿ, ಉಸಿರು ಸಿಕ್ಕಿಕೊಂಡಲ್ಲಿ ಮುರಿಯಿರಿ. ಮನಸ್ಸಿನಲ್ಲೇ ಓದಿಕೊಂಡರೆ ಈ ತಪ್ಪು ಸಿಗುವುದಿಲ್ಲ, ಕಣ್ಣು ಹಾರಿಸಿಕೊಂಡು ಹೋಗುತ್ತದೆ.

ವಾರಕ್ಕೊಂದು ಘಟನೆಯನ್ನು ಮೂರು ರೂಪದಲ್ಲಿ ಬರೆಯಿರಿ: 80 ಪದಗಳ ಸುದ್ದಿ, 300 ಪದಗಳ ನುಡಿಚಿತ್ರ, ಅರ್ಧ ನಿಮಿಷದ ರೇಡಿಯೊ ಸುದ್ದಿ. ಕಷ್ಟವಾಗುವುದು ರೇಡಿಯೊ. ಕೇಳುಗರು ಹಿಂದಕ್ಕೆ ಹೋಗಿ ಓದಲಾರರು, ಹಾಗಾಗಿ ವಾಕ್ಯಕ್ಕೊಂದೇ ಸಂಗತಿ ಇರಬೇಕು. 2,137 ಕ್ವಿಂಟಲ್ ಎಂಬುದು 'ಎರಡು ಸಾವಿರಕ್ಕೂ ಹೆಚ್ಚು' ಆಗಬೇಕು. ರೇಡಿಯೊ ಪ್ರತಿಯನ್ನು ಮೊದಲು ಬರೆದುಕೊಂಡರೆ ಉಳಿದೆರಡಕ್ಕೂ ಲೀಡ್, ಅಂದರೆ ಸುದ್ದಿಯ ಆರಂಭದ ಸಾಲು, ತಾನಾಗಿ ಸಿಗುತ್ತದೆ.