ಮುಚ್ಚಿದ ನೆಲದ ನಕ್ಷೆ

ಭೂವಿಜ್ಞಾನದ ನಕ್ಷೆ ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣಗಳು. ಒಂದೊಂದು ಬಗೆಯ ಶಿಲೆಗೆ ಒಂದೊಂದು ಬಣ್ಣ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಗೆರೆಗಳು. ಎರಡು ಶಿಲೆಗಳ ನಡುವಿನ ಗಡಿ ಕೆಲವೆಡೆ ಒಂದೇ ಎಳೆಯಾಗಿ ಸಾಗುತ್ತದೆ, ಕೆಲವೆಡೆ ತುಂಡು ತುಂಡಾಗುತ್ತದೆ. ಎಳೆ ಅಖಂಡವಾಗಿದ್ದರೆ ಗಡಿ ಅಲ್ಲೇ ಇದೆಯೆಂಬ ಖಾತರಿ. ತುಂಡಾಗಿದ್ದರೆ, ಮೇಲೆ ಮಣ್ಣು ಮುಚ್ಚಿದೆ, ಗಡಿ ಇಲ್ಲೆಲ್ಲೋ ಹಾದಿರಬೇಕು ಎಂಬ ಊಹೆ. ಕಂಡದ್ದನ್ನೂ ಊಹಿಸಿದ್ದನ್ನೂ ಇಷ್ಟು ಪ್ರಾಮಾಣಿಕವಾಗಿ ಬೇರ್ಪಡಿಸಿ ತೋರಿಸುವ ಹಾಳೆಯ ಮೇಲೆ ನನಗೆ ಗೌರವವಿದೆ.

ಬಯಲಿಗೆ ಬಂದ ಬಂಡೆ ಸಿಕ್ಕಲ್ಲಿ ಕೆಲಸ ಸಲೀಸು. ಸುತ್ತಿಗೆಯಿಂದ ಚಕ್ಕೆಯೊಂದನ್ನು ಎಬ್ಬಿಸಿ, ಮಸೂರದಲ್ಲಿ ಹರಳುಗಳನ್ನು ನೋಡುತ್ತಾರೆ. ದುರ್ಬಲ ಆಮ್ಲದ ಹನಿ ಬಿದ್ದೊಡನೆ ಬುಸುಗುಟ್ಟಿ ನೊರೆಯೆದ್ದರೆ ಅದು ಸುಣ್ಣಕಲ್ಲು. ಪದರ ಯಾವ ದಿಕ್ಕಿಗೆ, ಎಷ್ಟು ಡಿಗ್ರಿ ವಾಲಿದೆ ಎಂದು ಅಳೆದರೆ, ಅದು ನೆಲದೊಳಗೆ ಎತ್ತ ಇಳಿದಿದೆ ಎಂಬುದೂ ತಿಳಿಯುತ್ತದೆ.

ಆದರೆ ಬಂಡೆಯೇ ಕಾಣದಿದ್ದರೆ? ಫಿನ್ಲೆಂಡಿನಲ್ಲಿ 1908ರಲ್ಲಿ ಕಾಲುವೆಗಾಗಿ ಹೂಳೆತ್ತುವಾಗ ತಾಮ್ರದ ಅದಿರಿನ ದೊಡ್ಡ ಗುಂಡೊಂದು ಸಿಕ್ಕಿತು. ಸುತ್ತಲಿನ ತಳಬಂಡೆಗೂ ಅದಕ್ಕೂ ನಂಟಿರಲಿಲ್ಲ. ಹಿಮಯುಗದ ಹಿಮರಾಶಿ ಅದನ್ನು ಎಲ್ಲಿಂದಲೋ ಕಿತ್ತು ತಂದಿತ್ತು. ಸರಿಯುವ ಹಿಮ ತನ್ನ ತಳದ ಕಲ್ಲುಗಳಿಂದ ಬಂಡೆಯ ಮೇಲೆ ಗೀರುಗಳನ್ನು ಎಳೆಯುತ್ತದೆ. ಆ ಗೀರುಗಳೇ ಅದು ಸಾಗಿದ ದಿಕ್ಕಿಗೆ ಸಾಕ್ಷಿ. ಗಣಿ ತಜ್ಞ ಒಟ್ಟೊ ಟ್ರೂಸ್ಟೆಟ್ ಆ ಹಾದಿಯನ್ನು ಹಿಂದುಹಿಂದಕ್ಕೆ ಹಿಡಿದು ವಾಯವ್ಯದತ್ತ ಹುಡುಕಿದರು. 1910ರಲ್ಲಿ, ಸುಮಾರು 50 ಕಿಲೋಮೀಟರ್ ದೂರದ ಔಟೊಕುಂಪುವಿನಲ್ಲಿ, ಕೊರೆದ ಕೊಳವೆಗೆ ಅದಿರು ತಗುಲಿತು. ಒಂದೇ ಒಂದು ಕಲ್ಲಿನಿಂದ ಅದರ ತವರನ್ನು ಪತ್ತೆ ಮಾಡಿದ್ದು ಇಂದಿಗೂ ರೋಮಾಂಚನ ತರುತ್ತದೆ. ಮುಂದೆ 1960ರ ದಶಕದಲ್ಲಿ ಅದೇ ದೇಶದವರು ಗಂಧಕ ಬೆರೆತ ಅದಿರಿರುವ ಗುಂಡುಗಳನ್ನು ಮೂಸಿ ಹುಡುಕಲು ನಾಯಿಗಳನ್ನೂ ಪಳಗಿಸಿದರು.

ಪೀಟ್ ಜೌಗಿನ ಸಮೀಕ್ಷೆ ಬೇರೆಯೇ ಬಗೆಯದು. ನೀರು ನಿಂತ ನೆಲದಲ್ಲಿ ಗಾಳಿ ಸಿಗದೆ, ಸತ್ತ ಹಾವಸೆ, ಬೇರು, ಎಲೆ ಪೂರ್ತಿ ಕೊಳೆಯದೆ ಪದರವಾಗಿ ಕೂಡುತ್ತವೆ. ಅದೇ ಪೀಟ್. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಎಂದರೆ, ಎರಡು ಮೀಟರ್ ಪೀಟ್ ಕೂಡಲು ಎರಡು ಸಾವಿರ ವರ್ಷ ಬೇಕು. ಅದು ಎಷ್ಟು ಕೊಳೆತಿದೆ ಎಂದು ಅಳೆಯಲು ಸ್ವೀಡನ್ನಿನ ಭೂವಿಜ್ಞಾನಿ ಲೆನಾರ್ಟ್ ಫಾನ್ ಪೋಸ್ಟ್ ಕಲಿಸಿದ ವಿಧಾನಕ್ಕೆ ಬೇಕಾದದ್ದು ಬರಿಗೈ. ಹಸಿ ಪೀಟನ್ನು ಮುಷ್ಟಿಯಲ್ಲಿ ಹಿಂಡಬೇಕು. ಬೆರಳ ಸಂದಿನಿಂದ ತಿಳಿನೀರು ಇಳಿದರೆ ಅಂಕ ಒಂದು, ಗಿಡದ ನಾರು ಇನ್ನೂ ಹಾಗೇ ಇದೆ. ಕಂದು ಬಗ್ಗಡ ಬಂದರೆ ಅಂಕ ಏರುತ್ತದೆ. ಇಡೀ ಪೀಟ್ ಬೆರಳುಗಳ ನಡುವೆ ಜಾರಿ ಮುಷ್ಟಿ ಬರಿದಾದರೆ ಹತ್ತು.

ಭೂಮಿಯ ನೆಲದಲ್ಲಿ ಪೀಟ್ ಆವರಿಸಿರುವುದು ನೂರಕ್ಕೆ ಮೂರು ಪಾಲಿನಷ್ಟು. ಅದರಲ್ಲಿ ಹುದುಗಿರುವ ಇಂಗಾಲ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು. ಜೌಗನ್ನು ಬಸಿದು ಒಣಗಿಸಿದರೆ ಆ ಇಂಗಾಲ ಗಾಳಿಗೆ ಸೇರುತ್ತದೆ. ಹೀಗಿರುವಾಗ ಪೀಟ್ ಎಲ್ಲಿದೆ, ಎಷ್ಟು ಆಳವಿದೆ ಎಂಬುದು ಗೊತ್ತಿರಲೇಬೇಕು. ಆದರೂ ಕಾಂಗೋ ಕಣಿವೆಯ ಕಾಡಿನಡಿಯ ಪೀಟ್ ಎಷ್ಟೆಂದು ಜಗತ್ತಿಗೆ ತಿಳಿದದ್ದು 2017ರಲ್ಲಿ: ಸುಮಾರು 1,45,500 ಚದರ ಕಿಲೋಮೀಟರ್. ಉಪಗ್ರಹ ಎಲ್ಲಿ ಹುಡುಕಬೇಕೆಂದು ತೋರಿಸಿತು. ಆಳ ತಿಳಿಯಲು ಜನರೇ ಕೆಸರಿನಲ್ಲಿ ನಡೆದು ಪೀಟನ್ನು ಕೊರೆದು ನೋಡಬೇಕಾಯಿತು. ಇನ್ನಷ್ಟು ಕಡೆ ಹೀಗೆ ನೋಡಿದ ಮೇಲೆ, 2022ರಲ್ಲಿ ನಕ್ಷೆಯನ್ನು ತಿದ್ದಿ ಬರೆದರು. ವಿಸ್ತೀರ್ಣ 1,67,600 ಚದರ ಕಿಲೋಮೀಟರಿಗೆ ಏರಿತು.