ಕಿಣ್ವ ಇದೆ, ಆದರೆ ಎಲ್ಲಿದೆ?

ಕಿಣ್ವ ಅಳೆಯುವ ನಮ್ಮ ಲ್ಯಾಬ್ ಕೆಲಸ ನೋಡೋಕೆ ಸರಳ. ಮಗುವಿನ ರಕ್ತದ ಪ್ಲಾಸ್ಮಾಗೆ, ಅಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವಕ್ಕೆ, ಒಂದು ರಾಸಾಯನಿಕ ಬೆರೆಸಿ ಬೆಚ್ಚಗಿಡುತ್ತೇವೆ. ಕಿಣ್ವ ಅದನ್ನು ಕತ್ತರಿಸಿದರೆ ಹೊರಬಂದ ತುಣುಕು ಯುವಿ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಹೊಳಪು ಕಡಿಮೆ ಇದ್ದರೆ ಕಿಣ್ವ ಕಡಿಮೆ, ಅಷ್ಟೇ. ಆದರೆ ಅಪರೂಪಕ್ಕೊಮ್ಮೆ ಹೊಳಪು ಮೆಷಿನ್ನಿನ ಅಳತೆಯನ್ನೇ ಮೀರುತ್ತದೆ. ಸ್ಯಾಂಪಲ್ ತೆಳು ಮಾಡಿ ಮತ್ತೆ ಹಾಕಬೇಕು. ಒಂದೇ ಕಿಣ್ವ ಅಲ್ಲ, ಅಳೆದದ್ದೆಲ್ಲ ಜಾಸ್ತಿ, 5ರಿಂದ 20 ಪಟ್ಟಿನವರೆಗೂ. ಹೊಸದಾಗಿ ಕೆಲಸಕ್ಕೆ ಸೇರಿದವರು ತಮ್ಮ ಕೈಯಲ್ಲೇ ಏನೋ ಎಡವಟ್ಟಾಗಿದೆ ಅಂದುಕೊಳ್ಳುತ್ತಾರೆ. ಅಪ್ಪ ಅಮ್ಮ ರಿಪೋರ್ಟ್ ನೋಡಿ, "ಜಾಸ್ತಿ ಇದೆಯಲ್ಲ ಡಾಕ್ಟ್ರೇ, ಒಳ್ಳೇದೇ ಅಲ್ವಾ?" ಎಂದು ಕೇಳುತ್ತಾರೆ.

ಒಳ್ಳೇದಲ್ಲ. ಇವು ಲೈಸೋಸೋಮ್ ಕಿಣ್ವಗಳು. ಜೀವಕೋಶದ ಒಳಗಿನ ಕಸ ಅರೆಯುವ ಪುಟ್ಟ ಚೀಲ ಇದೆಯಲ್ಲ, ಅದರೊಳಗೆ ಇರಬೇಕಾದವು. ರಕ್ತದಲ್ಲಿ ತೇಲುತ್ತಿವೆ ಎಂದರೆ ಚೀಲ ಖಾಲಿ ಇರಬಹುದು.

ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ತಯಾರಾಗುತ್ತವೆ, ಪ್ರತಿಯೊಂದಕ್ಕೂ ಹೋಗಬೇಕಾದ ಜಾಗ ಬೇರೆ. ಈ ಮಾತು ಬಂದಾಗೆಲ್ಲ ಅಂಚೆ ವಿಳಾಸದ ಹೋಲಿಕೆ ಕೊಡುತ್ತಾರೆ. ನನಗೆ ಅದು ಅರ್ಧ ಮಾತ್ರ ಸರಿ ಅನಿಸುತ್ತದೆ, ಯಾಕೆಂದರೆ ಎಷ್ಟೋ ಪ್ರೋಟೀನುಗಳಲ್ಲಿ ವಿಳಾಸ ಮೇಲೆ ಅಂಟಿಸಿದ ಚೀಟಿಯಲ್ಲ, ಅದರ ಮೈಯಲ್ಲೇ ಹೆಣೆದಿರುವ ಕೆಲವು ಅಮೈನೋ ಆಮ್ಲಗಳು. ಇದನ್ನು ತೋರಿಸಿದ ಗುಂಟರ್ ಬ್ಲೋಬೆಲ್‌ಗೆ 1999ರಲ್ಲಿ ನೊಬೆಲ್ ಬಂತು. ಲೈಸೋಸೋಮ್ ಕಿಣ್ವಗಳಿಗೆ ಮಾತ್ರ ನಿಜವಾಗಿಯೂ ಚೀಟಿ ಅಂಟಿಸುತ್ತಾರೆ. ಗಾಲ್ಜಿ ಎಂಬ ಭಾಗದಲ್ಲಿ ಮ್ಯಾನೋಸ್-6-ಫಾಸ್ಫೇಟ್ ಎಂಬ ಸಕ್ಕರೆಯ ಗುರುತು ಹಾಕಲಾಗುತ್ತದೆ, ಆ ಗುರುತನ್ನು ಹಿಡಿಯುವ ಇನ್ನೊಂದು ಪ್ರೋಟೀನು (ಗ್ರಾಹಕ) ಕಿಣ್ವವನ್ನು ಚೀಲಕ್ಕೆ ಮುಟ್ಟಿಸುತ್ತದೆ. ಗುರುತು ಇಲ್ಲದಿದ್ದರೆ? ಕೋಶ ಅದನ್ನು ಸೀದಾ ಹೊರಗೆ ಬಿಡುತ್ತದೆ.

ಐ-ಸೆಲ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಆಗುವುದು ಇದೇ. ಕಿಣ್ವಗಳೆಲ್ಲ ಚೆನ್ನಾಗಿವೆ, ಗುರುತು ಹಾಕುವವನೇ ಕೆಟ್ಟಿದ್ದಾನೆ. ಚರ್ಮದ ಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅರೆಯದೆ ಉಳಿದ ಕಸ ಕಪ್ಪು ಕಾಳುಗಳ ಹಾಗೆ ತುಂಬಿರುತ್ತದೆ. ಮಗುವಿನ ಕೀಲುಗಳು ಬಿಗಿಯುತ್ತವೆ, ಒಸಡು ದಪ್ಪಗಾಗುತ್ತದೆ, ಬೆಳವಣಿಗೆ ಬೇಗ ನಿಂತುಬಿಡುತ್ತದೆ. 1972ರಲ್ಲಿ ಹಿಕ್‌ಮನ್ ಮತ್ತು ನ್ಯೂಫೆಲ್ಡ್ ಎಂಬ ಸಂಶೋಧಕರು ಮಾಡಿದ ಪ್ರಯೋಗ ನನಗೆ ಇವತ್ತಿಗೂ ಇಷ್ಟ. ಈ ಮಕ್ಕಳ ಚರ್ಮದ ಕೋಶಗಳು ಆರೋಗ್ಯವಂತರ ಕಿಣ್ವವನ್ನು ಹೊರಗಿನಿಂದ ಒಳಗೆಳೆದುಕೊಂಡವು, ಆದರೆ ಇವು ಹೊರಬಿಟ್ಟ ಕಿಣ್ವವನ್ನು ಬೇರೆ ಕೋಶಗಳು ಹೆಚ್ಚುಕಮ್ಮಿ ಮುಟ್ಟಲೇ ಇಲ್ಲ. ದೋಷ ಚೀಟಿಯಲ್ಲಿದೆ ಎಂಬ ಸುಳಿವು ಸಿಕ್ಕಿದ್ದು ಅಲ್ಲಿಂದಲೇ.

"ಹಾಗಾದರೆ ಗುರುತಿರುವ ಕಿಣ್ವವನ್ನೇ ಚುಚ್ಚಬಹುದಲ್ವಾ?" ಒಳ್ಳೆಯ ಪ್ರಶ್ನೆ. ಪಾಂಪೆ ಕಾಯಿಲೆಯಲ್ಲಿ ಹಾಗೇ ಮಾಡುತ್ತೇವೆ, ಅಲ್ಲಿ ಕೊರತೆ ಇರುವುದು ಒಂದೇ ಕಿಣ್ವಕ್ಕೆ. ಇಲ್ಲಿ ಡಜನ್‌ಗಟ್ಟಲೆ ಕಿಣ್ವಗಳು ದಾರಿ ತಪ್ಪಿವೆ, ರಕ್ತಕ್ಕೆ ಕೊಟ್ಟದ್ದು ಮೆದುಳಿಗೂ ದಾಟುವುದಿಲ್ಲ. ಕಾಯಿಲೆ ವಾಸಿ ಮಾಡುವ ಔಷಧ ಸದ್ಯಕ್ಕಿಲ್ಲ.

ಇದಕ್ಕಿಂತ ವಿಚಿತ್ರ, ಕಿಣ್ವ ತಪ್ಪು ಮನೆ ಹೊಕ್ಕಿ ಕೂರುವುದು. ಪ್ರೈಮರಿ ಹೈಪರಾಕ್ಸಲೂರಿಯಾ ಟೈಪ್ 1 ಎಂಬ ಆನುವಂಶಿಕ ಕಾಯಿಲೆ ನೋಡಿ. ಎಜಿಟಿ ಎಂಬ ಲಿವರ್ ಕಿಣ್ವ ಕೋಶದ ಇನ್ನೊಂದು ಪುಟ್ಟ ಚೀಲವಾದ ಪೆರಾಕ್ಸಿಸೋಮ್‌ನಲ್ಲಿರಬೇಕು. ಈ ಕಾಯಿಲೆಯ ಕೆಲವರಲ್ಲಿ ಅದರ ಎರಡು ಅಮೈನೋ ಆಮ್ಲಗಳು ಬದಲಾಗಿರುತ್ತವೆ. ಅಷ್ಟಕ್ಕೇ ಬಹುಪಾಲು ಕಿಣ್ವ ಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಸೇರಿಬಿಡುತ್ತದೆ. ಟ್ಯೂಬಿನಲ್ಲಿ ಅಳೆದರೆ ಕೆಲಸವೇನೋ ಮಾಡುತ್ತದೆ, ಆದರೆ ಅದು ಸಂಭಾಳಿಸಬೇಕಾದ ಗ್ಲೈಆಕ್ಸಿಲೇಟ್ ಎಂಬ ರಾಸಾಯನಿಕ ತಯಾರಾಗುವುದು ಇನ್ನೊಂದು ಕೋಣೆಯಲ್ಲಿ. ಅದೇ ಆಕ್ಸಲೇಟ್ ಆಗಿ ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ. ಈ ಗುಂಪಿನ ಕೆಲವರಿಗೆ ವಿಟಮಿನ್ ಬಿ6ನಿಂದಲೇ ಆಕ್ಸಲೇಟ್ ಇಳಿಯುತ್ತದೆ, ಹಾಗಾಗಿ ಜೀನ್ ಪರೀಕ್ಷೆ ಸುಮ್ನೆ ಹೆಸರಿಗಲ್ಲ.

ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ತಪ್ಪು ಕೋಶದೊಳಗಿನ ಕಾವಲುಗಾರನ ಅತಿಶಿಸ್ತಿನದೂ ಹೌದು. ಕೋಶದ ಪೊರೆಯಲ್ಲಿ ಲವಣ ದಾಟಿಸುವ ಬಾಗಿಲಿನಂಥ, 1480 ಅಮೈನೋ ಆಮ್ಲಗಳ ಪ್ರೋಟೀನಿನಲ್ಲಿ ಬಹಳಷ್ಟು ರೋಗಿಗಳಿಗೆ 508ನೆಯದು ಕಾಣೆ, ಮಡಿಚಿಕೊಂಡ ಆಕಾರ ಸರಿ ಇಲ್ಲ ಎಂದು ಹೊರ ಪೊರೆ ತಲುಪುವ ಮೊದಲೇ ಅದನ್ನು ಒಡೆದು ಹಾಕಲಾಗುತ್ತದೆ. ತಲುಪಿದ್ದರೆ ಸ್ವಲ್ಪವಾದರೂ ದುಡಿಯುತ್ತಿತ್ತು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೂರು ಔಷಧಗಳ ಮಾತ್ರೆಯಲ್ಲಿ ಎರಡು ಔಷಧಗಳು ಆ ಆಕಾರ ತಿದ್ದಿ ಪ್ರೋಟೀನನ್ನು ಪೊರೆಗೆ ದಾಟಿಸುತ್ತವೆ, ಮೂರನೆಯದು ಅಲ್ಲಿ ಬಾಗಿಲು ತೆರೆದಿಡುತ್ತದೆ.

ಮತ್ತೆ ಆ ಹೊಳೆಯುವ ಸ್ಯಾಂಪಲ್ಲಿಗೆ ಬರುತ್ತೇನೆ. ಬಹಳಷ್ಟು ಲೈಸೋಸೋಮ್ ಪರೀಕ್ಷೆಗಳನ್ನು ಬಿಳಿ ರಕ್ತಕಣದಲ್ಲಿ ಮಾಡುತ್ತಾರೆ. ಐ-ಸೆಲ್ ಮಗುವಿನ ಬಿಳಿ ರಕ್ತಕಣದಲ್ಲಿ ಕಿಣ್ವಗಳು ಹೆಚ್ಚುಕಮ್ಮಿ ನಾರ್ಮಲ್ ಆಗಿಯೇ ಇರುತ್ತವೆ, ಆ ಕಣಗಳಲ್ಲಿ ಕಿಣ್ವ ಚೀಲ ಸೇರಲು ಈ ಗುರುತು ಬೇಡದ ಬೇರೆ ದಾರಿಯೂ ಇದೆ. ರಿಪೋರ್ಟ್ ನಾರ್ಮಲ್ ಎಂದು ಬಂದು, ಮಗುವಿನ ಕೀಲು ಮಾತ್ರ ಬಿಗಿಯುತ್ತಲೇ ಇದ್ದರೆ, ಅಳೆದದ್ದು ಯಾವುದರಲ್ಲಿ ಎಂದು ಕೇಳಿ. ಪ್ಲಾಸ್ಮಾದಲ್ಲಿ ನೋಡಿಲ್ಲ ಎಂದಾದರೆ ಇನ್ನೊಂದು ಟ್ಯೂಬ್ ರಕ್ತ ಕೊಡಿ.